ಓದುಗರ ಪ್ರಶ್ನೆ: ಮನೇಲಿ ಕೂತು ನೋಡೋಕೆ ಯಾವ ಬ್ರಿಟಿಷ್ ಸೀರೀಸು, ಯಾವ ಸಿನಿಮಾ?

ಹೋದ ಸಂಚಿಕೇಲಿ ಒಬ್ರು ಬ್ರಿಟಿಷ್ ಸೀರೀಸಿನ ಬಗ್ಗೆ ಕೇಳಿದ್ರು, ಎರಡು ಸಾಲಲ್ಲಿ ಉತ್ತರ ಕೊಟ್ಟು ಮುಂದಕ್ಕೆ ಹೋಗಿದ್ದೆ. ಆಮೇಲೆ ಬಂದ ಪತ್ರ, ಮೆಸೇಜು ನೋಡಿದ್ರೆ ಮೈಸೂರು ಮಂಡ್ಯ ಕಡೆ ಎಷ್ಟೊಂದು ಮನೇಲಿ ಇದೇ ತಲೆಬಿಸಿ ಇದೆ ಅಂತ ಗೊತ್ತಾಯ್ತು. ಹಂಗಾಗಿ ಈ ಸಲದ ಪುಟ ಪೂರ್ತಿ ಇದಕ್ಕೇ ಇಟ್ಟಿದೀನಿ.

ಪ್ರಶ್ನೆ: ಅಕ್ಕ, ನಮ್ಮನೇಲಿ ಅತ್ತೆ, ಮಾವ, ನಾನು, ನಮ್ಮೆಜಮಾನ್ರು, ಏಳನೇ ಕ್ಲಾಸಿನ ಮಗಳು, ಒಟ್ಟು ಐದು ಜನ. ಮೈದುನ ಬರ್ಮಿಂಗ್‌ಹ್ಯಾಮಲ್ಲಿದ್ದಾನೆ, ಇವೆಲ್ಲ ನೋಡ್ಲೇಬೇಕು ಅತ್ಗೆ ಅಂತ ಇಪ್ಪತ್ತು ಸೀರೀಸಿನ ಲಿಸ್ಟ್ ಕಳ್ಸಿದಾನೆ. ರಾತ್ರಿ ಊಟ ಆದ್ಮೇಲೆ ಟೀವಿ ಹಾಕಿದ್ರೆ ಯಾವ್ದು ನೋಡೋದು ಅಂತ ಹುಡುಕೋದ್ರಲ್ಲೇ ಅರ್ಧ ಗಂಟೆ ಹೋಗುತ್ತೆ, ಅಷ್ಟರಲ್ಲಿ ಮಾವ ಎದ್ದು ಮಲಗೋಕೆ ಹೋಗಿರ್ತಾರೆ. ಹೆಂಗೆ ಆರಿಸ್ಕೊಳ್ಳೋದು?
– ಗೃಹಿಣಿ, ಕುವೆಂಪುನಗರ, ಮೈಸೂರು

ಉತ್ತರ: ಮೊದ್ಲು ಆ ಲಿಸ್ಟ್ ಪಕ್ಕಕ್ಕಿಡಮ್ಮ. ಮೈದುನ ಪ್ರೀತಿಯಿಂದಾನೇ ಕಳ್ಸಿರೋದು, ಆದ್ರೆ ಅದು ರೂಮಲ್ಲಿ ಒಬ್ನೇ ಕೂತು ನೋಡೋನ ಲಿಸ್ಟು, ನಿಮ್ಮದು ಐದು ಜನ ಒಂದೇ ಹಾಲಲ್ಲಿ ಕೂರೋ ಮನೆ. ಯಾವ್ದು ಫೇಮಸ್ಸು ಅಂತ ನೋಡ್ಬೇಡಿ, ಇವತ್ತು ರಾತ್ರಿ ಟೀವಿ ಮುಂದೆ ಯಾರ್ಯಾರು ಕೂರ್ತಾರೆ ಅಂತ ನೋಡಿ ಆರಿಸಿ. ನಾನು ಇದನ್ನ ಪೆಟ್ಟು ತಿಂದೇ ಕಲ್ತಿದ್ದು. ಒಂದ್ಸಲ ದಸರಾ ರಜೇಲಿ ಅಪ್ಪ, ಅಮ್ಮ, ಅಕ್ಕನ ಮಕ್ಕಳು ಎಲ್ಲ ಬಂದಿದ್ರು, ಒಳ್ಳೆ ಪತ್ತೇದಾರಿ ಕತೆ ಅಂತ ಒಂದು ಸೀರೀಸ್ ಹಾಕ್ದೆ, ಹತ್ತು ನಿಮಿಷ ಆಗಿಲ್ಲ, ಎಲ್ರ ಜೊತೆ ಕೂತು ನೋಡೋಕಾಗ್ದೇ ಇರೋ ಸೀನ್ ಬಂತು, ರಿಮೋಟ್ ಹುಡುಕ್ತೀನಿ ಸಿಗ್ತಿಲ್ಲ, ಅಮ್ಮ ಮೆಲ್ಲಗೆ ಎದ್ದು ಹಾಲಿಗೆ ಹೆಪ್ಪು ಹಾಕ್ಬೇಕು ಅಂತ ಒಳಗೆ ಹೋದೋರು ಅವತ್ತು ಮತ್ತೆ ಟೀವಿ ಮುಂದೆ ಬರ್ಲೇ ಇಲ್ಲ.

ಅವತ್ತಿಂದ ನಾನು ಮೊದ್ಲು ನೋಡೋದು ಆ ಸೀರೀಸು ಇಂಗ್ಲೆಂಡಲ್ಲಿ ಎಷ್ಟ್ ಗಂಟೆಗೆ ಬರ್ತಿತ್ತು ಅಂತ. ಅಲ್ಲಿ ವಾಟರ್‌ಶೆಡ್ ಅಂತ ಒಂದು ಕಟ್ಟುಪಾಡಿದೆ, ಬೆಳಗ್ಗೆ 5.30ರಿಂದ ರಾತ್ರಿ 9ರ ತನಕ ಮಕ್ಕಳು ನೋಡಬಾರದ್ದನ್ನ ಟೀವೀಲಿ ಹಾಕೋ ಹಂಗಿಲ್ಲ, 9 ಆದ್ಮೇಲೇ ಕೊಲೆ, ಬೈಗುಳ, ಬೆಡ್‌ರೂಮು ಎಲ್ಲ. ಅಂದ್ರೆ 8 ಗಂಟೆ ಕಾರ್ಯಕ್ರಮ ಅಂದ್ರೆ ಸಾಮಾನ್ಯವಾಗಿ ಮನೆಮಂದಿ ಜೊತೆ ನೋಡ್ಬೋದು, 9 ಗಂಟೇದು ಅಂದ್ರೆ ನೀವೊಬ್ರೇ ಮೊದ್ಲು ನೋಡಿ. ಸೀರೀಸ್ ಹೆಸರು ಹಾಕಿ ಯಾವ ಚಾನೆಲ್, ಎಷ್ಟ್ ಗಂಟೆ ಅಂತ ಗೂಗಲ್ ಮಾಡಿದ್ರೆ ಎಷ್ಟೋ ಸಲ ಸಿಗುತ್ತೆ. ಟೀವೀಲಿ ಬರ್ದೆ ನೇರವಾಗಿ ಓಟಿಟಿಗೆ ಬಂದಿರೋದಕ್ಕೆ ಈ ಲೆಕ್ಕ ನಡಿಯಲ್ಲ, ಅಲ್ಲಿ ರೇಟಿಂಗ್ ನೋಡ್ಬೇಕು. ನಮ್ಮಲ್ಲಿ 2021ರ ನಿಯಮದ ಪ್ರಕಾರ ಯು, ಯು/ಎ 7+, 13+, 16+, ಎ ಅಂತ ಇರುತ್ತೆ, ಬ್ರಿಟನ್ನಿನ ಸಿನಿಮಾ ಬೋರ್ಡಿಂದು ಯು, ಪಿಜಿ, 12, 15, 18. ಬರೀ ನಂಬರ್ ನೋಡಿ ಬಿಟ್ಬಿಡ್ಬೇಡಿ, ಪಕ್ಕದಲ್ಲಿ ಕಾರಣ ಬರ್ದಿರ್ತಾರೆ, ಬೈಗುಳಕ್ಕೆ ಕೊಟ್ಟಿರೋ 15ಕ್ಕೂ ರಕ್ತಪಾತಕ್ಕೆ ಕೊಟ್ಟಿರೋ 15ಕ್ಕೂ ತುಂಬಾ ವ್ಯತ್ಯಾಸ ಇದೆ.

ಆಮೇಲೆ ಎಪಿಸೋಡ್ ಎಷ್ಟಿದೆ ಅಂತ ನೋಡಿ, ಬ್ರಿಟಿಷ್ ಟೀವೀದು ನಂಗೆ ತುಂಬಾ ಇಷ್ಟ ಆಗೋದೇ ಈ ವಿಷಯ. ನಮ್ಮ ಧಾರಾವಾಹಿ ಥರ ಸಾವಿರ ಕಂತು ಎಳೆಯಲ್ಲ, ಎಷ್ಟೋ ಸೀರೀಸನ್ನ ಒಬ್ರೋ ಇಬ್ರೋ ಕೂತು ಪೂರ್ತಿ ಬರೀತಾರೆ, ಅದಕ್ಕೇ ಆರು ಎಪಿಸೋಡಿಗೆ ಮುಗೀತು. ಫಾಲ್ಟಿ ಟವರ್ಸ್ ಅಂತ ಒಂದು ಹೋಟೆಲಿನ ಕಾಮಿಡಿ, ಬರೆದೋರು ಇಬ್ರೇ, ಶುರು ಮಾಡಿದಾಗ ಗಂಡ ಹೆಂಡ್ತಿ, 1975ರಲ್ಲಿ ಆರು, 1979ರಲ್ಲಿ ಆರು, ಒಟ್ಟು 12 ಎಪಿಸೋಡು ಅಷ್ಟೇ, ಇವತ್ತಿಗೂ ಜನ ನೆನೆಸ್ಕೊಂಡು ನಗ್ತಾರೆ. ಇನ್ನೊಂದು, ಅವರು ಸೀರೀಸ್ 2 ಅಂದ್ರೆ ನಾವು ಸೀಸನ್ 2 ಅಂತೀವಲ್ಲ ಅದು, ಗೊಂದಲ ಮಾಡ್ಕೋಬೇಡಿ.

ರಾತ್ರಿ ಎಲ್ರೂ ಕೂತ್ಮೇಲೆ ಹುಡುಕೋದು ಬಿಟ್ಬಿಡಿ. ಮಧ್ಯಾಹ್ನ ಹುರುಳಿಕಾಯಿ ಬಿಡಿಸ್ತಾ ಫೋನಲ್ಲಿ ಇಪ್ಪತ್ತು ನಿಮಿಷ ನೋಡಿ, ಇಪ್ಪತ್ತು ನಿಮಿಷದಲ್ಲಿ ಆ ಸೀರೀಸಿನ ನಾಲಿಗೆ ಎಂಥದ್ದು, ಮನಸ್ಸು ಎಂಥದ್ದು ಗೊತ್ತಾಗೋಗುತ್ತೆ, ಸರಿ ಅನ್ಸಿದ್ರೆ ರಾತ್ರಿ ಅದನ್ನೇ ನೇರ ಹಾಕಿ.

ನಿಮ್ಮನೆಗೆ ಅಂದ್ರೆ ನಾನು ಪ್ಲಾನೆಟ್ ಅರ್ತ್ 2ರಿಂದ ಶುರು ಮಾಡಿ ಅಂತೀನಿ, ಪ್ರಾಣಿಗಳ ಬಗ್ಗೆ ಬಿಬಿಸಿ ಮಾಡಿದ ಡಾಕ್ಯುಮೆಂಟರಿ, 2016ರದ್ದು, ಆರೇ ಎಪಿಸೋಡು, ಕತೆ ಹೇಳೋ ಡೇವಿಡ್ ಅಟೆನ್‌ಬರೋ ಅವರ ಇಂಗ್ಲಿಷು ಒಂದೊಂದು ಮಾತೂ ಬಿಡಿಸಿ ಬಿಡಿಸಿ ಹೇಳಿದಂಗಿರುತ್ತೆ. ಮೊದಲನೇ ಎಪಿಸೋಡಲ್ಲಿ ಒಂದು ಸೀನಿದೆ, ಮರಳಲ್ಲಿ ಮೊಟ್ಟೆಯಿಂದ ಆಗಷ್ಟೇ ಹೊರಬಂದ ಇಗ್ವಾನ ಮರಿ, ನಮ್ಮ ಓತಿಕ್ಯಾತದಷ್ಟಿರುತ್ತೆ, ಸಮುದ್ರದ ಕಡೆ ಓಡ್ಬೇಕು, ಬಂಡೆ ಸಂದಿಂದ ಒಂದಲ್ಲ ಎರಡಲ್ಲ ಹಿಂಡು ಹಿಂಡು ಹಾವು ಈಚೆ ಬರ್ತವೆ. ಮರಿ ಅಲ್ಲಾಡ್ದೆ ನಿಲ್ಲುತ್ತೆ, ಹಾವಿನ ತಲೆ ಅದರ ಪಕ್ಕದಲ್ಲೇ ಹಾದುಹೋಗುತ್ತೆ, ಆಮೇಲೆ ಒಂದೇ ಓಟ. ನಮ್ಮಮ್ಮ ಇಂಗ್ಲಿಷ್ ಒಂದಕ್ಷರ ಗೊತ್ತಿಲ್ದೋರು, ಸೆರಗು ಬಾಯಿಗೆ ಒತ್ಕೊಂಡು ಓಡೋ ಓಡೋ ಅಂತಿದ್ರು. ಕೊನೇ ಎಪಿಸೋಡಲ್ಲಿ ಜೋಧಪುರದ ಮುಸುವ, ಮುಂಬೈನ ಚಿರತೆ ಎಲ್ಲ ಬರ್ತವೆ, ಮಾವನಿಗೆ ಹೇಳಿ ಕೂರಿಸಿ.

ಮಗಳಿಗೆ ಪ್ಯಾಡಿಂಗ್ಟನ್ ಸಿನಿಮಾಗಳು, 2014ರದ್ದು ಒಂದು, 2017ರದ್ದು ಇನ್ನೊಂದು, ಎರಡನೇದು ಮೊದಲನೇದಕ್ಕಿಂತ ಚೆನ್ನಾಗಿದೆ. ಪೆರು ದೇಶದಿಂದ ಲಂಡನ್ನಿಗೆ ಬಂದ ಕರಡಿಮರಿ ಕತೆ, ಊರು ಬಿಟ್ಟು ಹೋದೋರನ್ನ ಬೇರೆ ಊರು ಹೆಂಗೆ ಕರ್ಕೊಳ್ಳುತ್ತೆ ಅನ್ನೋದನ್ನ ಇಷ್ಟು ಮೆತ್ತಗೆ ಹೇಳೋ ಸಿನಿಮಾ ಕಮ್ಮಿ, ಮಗ ಪರದೇಶದಲ್ಲಿರೋ ನಿಮ್ಮತ್ತೆಗೆ ಇದು ತಟ್ಟುತ್ತೆ. ಭಾಷೆಯೇ ಬೇಡ ಅಂದ್ರೆ ಶಾನ್ ದ ಶೀಪ್, ಬ್ರಿಸ್ಟಲ್‌ನ ಆರ್ಡ್‌ಮನ್ ಸ್ಟುಡಿಯೋದವ್ರು ಬೊಂಬೆನ ಚೂರು ಚೂರೇ ಸರಿಸಿ ಒಂದೊಂದೇ ಫ್ರೇಮ್ ತೆಗೆದು ಮಾಡಿರೋದು, ಏಳು ನಿಮಿಷದ ಎಪಿಸೋಡು, ಒಂದು ಮಾತೂ ಇಲ್ಲ, ಕುರಿಗಳ ಕಿತಾಪತಿ ಎಲ್ರಿಗೂ ಅರ್ಥ ಆಗುತ್ತೆ.

ಪ್ರಶ್ನೆ: ಮೇಡಂ, ನಾನು ಎಂಟು ಹಸ ಕಟ್ಟಿ ಡೇರಿಗೆ ಹಾಲಾಕ್ತಿನಿ. ಪಿಯುಸಿವರ್ಗೂ ಓದಿದೀನಿ, ಇಂಗ್ಲಿಷ್ ಓದ್ತಿನಿ, ಆದ್ರೆ ಇವ್ರು ಮಾತಾಡದು ಕಿವಿಗೇ ಬೀಳಕಿಲ್ಲ, ಸಬ್‌ಟೈಟಲ್ ಓದೋಷ್ಟ್ರಲ್ಲಿ ಸೀನೇ ಹೊಂಟೋಗಿರ್ತದೆ. ನಮ್ಮಂತೋರ್ಗೆ ಯಾವ್ದಾದ್ರೂ ಐತಾ, ಇಲ್ಲ ಬುಟ್‌ಬುಡದಾ?
– ಪಾಂಡವಪುರ ತಾಲ್ಲೂಕು, ಮಂಡ್ಯ ಜಿಲ್ಲೆ

ಉತ್ತರ: ಬುಡಬೇಡಿ ಅಣ್ಣ, ನಿಮ್ಗೆ ಅಂತಾನೇ ಮಾಡಿದಂಗಿರೋ ಸೀರೀಸ್ ಒಂದಿದೆ, ನಿಮ್ಮ ಪತ್ರ ಓದಿದ ತಕ್ಷಣ ನಂಗೆ ಅದೇ ನೆನಪಾಯ್ತು. ಆಲ್ ಕ್ರೀಚರ್ಸ್ ಗ್ರೇಟ್ ಆ್ಯಂಡ್ ಸ್ಮಾಲ್ ಅಂತ, ದನದ ಡಾಕ್ಟ್ರ ಕತೆ. ಆಲ್ಫ್ ವೈಟ್ ಅನ್ನೋ ನಿಜವಾದ ದನದ ಡಾಕ್ಟ್ರು ಇಂಗ್ಲೆಂಡಿನ ಉತ್ತರಕ್ಕಿರೋ ಯಾರ್ಕ್‌ಷೈರಲ್ಲಿ ಕೆಲಸ ಮಾಡ್ಕೊಂಡು, ಜೇಮ್ಸ್ ಹೆರಿಯಟ್ ಅನ್ನೋ ಹೆಸರಲ್ಲಿ ತಮ್ಮ ಅನುಭವ ಬರೆದ್ರು, ಅದರ ಮೇಲೆ ಮಾಡಿರೋದು. 1978ರಲ್ಲಿ ಬಿಬಿಸಿ ಒಂದ್ಸಲ ಮಾಡ್ತು, 2020ರಿಂದ ಚಾನೆಲ್ 5ನವ್ರು ಹೊಸದಾಗಿ ಮಾಡ್ತಿದಾರೆ, ನೀವು ಹೊಸದನ್ನ ಹಿಡೀರಿ, ಒಂದು ಸೀಸನ್ನಿಗೆ ಆರು ಎಪಿಸೋಡು, ಜೊತೆಗೆ ಕ್ರಿಸ್‌ಮಸ್ಸಿಗೆ ಅಂತ ಒಂದು.

ಕತೆ ಶುರುವಾಗೋದು 1937ರಲ್ಲಿ, ಪೆನ್ಸಿಲಿನ್ ಇನ್ನೂ ಬಳಕೆಗೆ ಬಂದಿಲ್ಲ, ಹೊಸಾ ಹುಡ್ಗ ಡಾಕ್ಟ್ರು ಕೆಲಸ ಹುಡ್ಕೊಂಡು ಹಳ್ಳಿಗೆ ಬರ್ತಾನೆ. ಶುರುನಲ್ಲೇ ಕರ ಹಾಕ್ಸೋ ಸೀನು. ರಾತ್ರಿ, ಕೊಟ್ಟಿಗೆ, ಲಾಂದ್ರದ ಬೆಳಕು, ಹಸ ಮುಕ್ಕರಿಸ್ತಿದೆ, ಕರ ಬರ್ತಿಲ್ಲ, ಹುಡ್ಗ ಅಂಗಿ ಬಿಚ್ಚಿ ತೋಳುದ್ದಕ್ಕೂ ಕೈ ಒಳಗೆ ಹಾಕಿ ತಡಕ್ತಾನೆ. ಅಲ್ಲಿ ಡೈಲಾಗು ಏನು ಬೇಕು ಹೇಳಿ, ಅವನ ಮುಖದಲ್ಲೇ ಎಲ್ಲ ಇರುತ್ತೆ, ಕೈಗೆ ಸಿಕ್ಕಿದ್ದು ಕಾಲೋ ತಲೆಯೋ, ಜೀವ ಇದೆಯೋ ಇಲ್ವೋ. ನಿಮ್ಮ ಕೊಟ್ಟಿಗೇಲಿ ಇಂಥ ರಾತ್ರಿ ಎಷ್ಟು ಕಳ್ದಿರ್ತೀರೋ, ಇಂಗ್ಲಿಷ್ ಪ್ರೊಫೆಸರಿಗಿಂತ ಆ ಸೀನು ನಿಮಗೇ ಚೆನ್ನಾಗಿ ಅರ್ಥ ಆಗುತ್ತೆ. ಆಮೇಲೆ ಅಲ್ಲಿನ ರೈತ್ರು, ಡಾಕ್ಟ್ರು ಫೀಸ್ ಕೇಳಿದ್ರೆ ಮುಖ ಆ ಕಡೆ ಮಾಡೋದು, ಹೊಸಬನ್ನ ನಂಬ್ದೆ ನಮ್ ಹಳೇ ಡಾಕ್ಟ್ರು ಎಲ್ಲಿ ಅನ್ನೋದು, ಎಲ್ಲ ನಮ್ಮೂರಿನ ಹಂಗೇ ಇದೆ.

ಇನ್ನು ಕಿವಿ ವಿಷಯ. ನೀವು ಬುಡು, ಐತೆ ಅಂದ್ರೆ ದೂರದೂರಿನ ಕನ್ನಡದವ್ರೂ ಒಂದು ಗಳಿಗೆ ತಡೀತಾರಲ್ಲ, ಹಂಗೇ ಅಲ್ಲಿ ಯಾರ್ಕ್‌ಷೈರಿನವ್ರ ಮಾತು ಲಂಡನ್ನಿನವ್ರಿಗೇ ಕೆಲವು ಸಲ ಗೊತ್ತಾಗಲ್ಲ, ತಪ್ಪು ನಿಮ್ಮದಲ್ಲ. ನೌಟ್ ಅಂದ್ರೆ ಏನಿಲ್ಲ ಅಂತ, ಔಟ್ ಅಂದ್ರೆ ಏನಾದ್ರೂ ಅಂತ, ಐ ಅಂದ್ರೆ ಹೂಂ ಅಂತ, ಲ್ಯಾಸ್ ಅಂದ್ರೆ ಹುಡ್ಗಿ, ಈ ನಾಲ್ಕು ಗೊತ್ತಿದ್ರೆ ಆ ಸೀರೀಸಲ್ಲಿ ಅರ್ಧ ದಾರಿ ಹೋದಂಗೆ. ಮೊದಲನೇ ಎಪಿಸೋಡ್ ಎರಡು ಸಲ ನೋಡಿ, ಒಂದ್ಸಲ ಇಂಗ್ಲಿಷ್ ಸಬ್‌ಟೈಟಲ್ ಹಾಕಿ ಓದ್ಕೊಂಡು, ಮಾರನೇ ದಿನ ಅದನ್ನೇ ಸಬ್‌ಟೈಟಲ್ ಇಲ್ದೆ ಬರೀ ಕೇಳ್ಕೊಂಡು. ಕೆಲವು ಆ್ಯಪಲ್ಲಿ ಸ್ಪೀಡು ಕಮ್ಮಿ ಮಾಡೋ ಆಪ್ಷನ್ ಇರುತ್ತೆ, ಒಂಚೂರು ಇಳಿಸ್ಕೊಳ್ಳಿ. ಒಂದು ಸೀರೀಸ್ ಹಿಡಿದ್ರೆ ಅದನ್ನೇ ಮುಗಿಸಿ, ಅವ್ರ ದನಿ ಪಳಗೋಕೆ ಎರಡು ಮೂರು ಎಪಿಸೋಡ್ ಬೇಕು, ಮೂರನೇ ಎಪಿಸೋಡಿಗೆ ಕಣ್ಣು ಕೆಳಗಡೆ ಹೋಗೋದು ತಾನಾಗೇ ಕಮ್ಮಿ ಆಗುತ್ತೆ. ಸ್ಕಾಟ್ಲೆಂಡಿನ ಗ್ಲಾಸ್ಗೋ ಕಡೆಯ ಪೊಲೀಸ್ ಸೀರೀಸ್ ಮಾತ್ರ ಈಗ್ಲೇ ಮುಟ್ಬೇಡಿ.

ಪ್ರಶ್ನೆ: ನಾನು ಅಂಚೆ ಇಲಾಖೇಲಿ 34 ವರ್ಷ ಕೆಲಸ ಮಾಡಿ ರಿಟೈರ್ ಆದವ್ನು. ಅರಮನೆ, ರಾಜಮನೆತನ, ಪತ್ತೇದಾರಿ ಇದ್ಯಾವ್ದೂ ನಂಗೆ ಬೇಡ. ನಿಜವಾಗಿ ನಡೆದದ್ದು, ಕೆಲಸಗಾರ್ರ ಬದುಕಿನದ್ದು ಏನಾದ್ರೂ ಇದ್ರೆ ಹೇಳಿ.
– ಶ್ರೀರಂಗಪಟ್ಟಣ

ಉತ್ತರ: ಸರ್, ಮಿಸ್ಟರ್ ಬೇಟ್ಸ್ ವರ್ಸಸ್ ದ ಪೋಸ್ಟ್ ಆಫೀಸ್. ನಾಲ್ಕೇ ಎಪಿಸೋಡು. ದಯವಿಟ್ಟು ನೋಡಿ, ನಿಮ್ಮ ಜೊತೆ ಕೆಲಸ ಮಾಡಿದವ್ರನ್ನೂ ಕರ್ಕೊಂಡು ನೋಡಿ.

ಬ್ರಿಟನ್ನಲ್ಲಿ ಹಳ್ಳಿ ಅಂಚೆ ಕಚೇರಿಗಳನ್ನ ಹೆಚ್ಚಾಗಿ ಅಂಗಡಿ ಇಟ್ಕೊಂಡಿರೋ ಸಾಮಾನ್ಯ ಜನ ಕಾಂಟ್ರಾಕ್ಟ್ ಮೇಲೆ ನಡೆಸ್ತಾರೆ, ಸಬ್ ಪೋಸ್ಟ್‌ಮಾಸ್ಟರ್ ಅಂತ. 1999ರಿಂದ ಅಲ್ಲಿ ಹೊರೈಜನ್ ಅನ್ನೋ ಕಂಪ್ಯೂಟರ್ ವ್ಯವಸ್ಥೆ ಬಂತು, ಸಂಜೆ ಲೆಕ್ಕ ಹಾಕಿದ್ರೆ ಕ್ಯಾಶು ಟ್ಯಾಲಿ ಆಗ್ತಿಲ್ಲ, ಸಾವಿರಾರು ಪೌಂಡ್ ಕಮ್ಮಿ ತೋರಿಸ್ತಿತ್ತು, ದೋಷ ಸಾಫ್ಟ್‌ವೇರಿನಲ್ಲಿತ್ತು, ಆದ್ರೆ ಸಿಕ್ಕಾಕ್ಕೊಂಡಿದ್ದು ಕೌಂಟರಲ್ಲಿ ಕೂತೋರು. ಸಹಾಯ ಕೇಳಿ ಫೋನ್ ಮಾಡಿದ್ರೆ ಎಷ್ಟೋ ಜನಕ್ಕೆ ಸಿಕ್ಕ ಉತ್ತರ, ಈ ತೊಂದ್ರೆ ನಿಮಗೊಬ್ರಿಗೇ ಆಗ್ತಿರೋದು ಅಂತ. 900ಕ್ಕೂ ಹೆಚ್ಚು ಜನಕ್ಕೆ ಕಳ್ಳತನ, ಸುಳ್ಳು ಲೆಕ್ಕ ಅಂತ ಶಿಕ್ಷೆ ಆಯ್ತು, ಕೆಲವ್ರು ಜೈಲಿಗೆ ಹೋದ್ರು, ಮನೆ ಮಾರಿದ್ರು, ಜೀವ ಕಳ್ಕೊಂಡೋರೂ ಇದಾರೆ. ವೇಲ್ಸಿನ ಲಾಂಡಿಡ್ನೋ ಊರಲ್ಲಿ ಅಂಚೆ ಕಚೇರಿ ನಡೆಸ್ತಿದ್ದ ಆಲನ್ ಬೇಟ್ಸ್ ಅನ್ನೋರು ಎಲ್ರನ್ನೂ ಒಟ್ಟು ಮಾಡಿ ಇಪ್ಪತ್ತು ವರ್ಷ ಬಡಿದಾಡಿದ್ರು, 555 ಜನ ಸೇರಿ ಕೋರ್ಟಿಗೆ ಹೋಗಿ 2019ರಲ್ಲಿ ಗೆದ್ರು.

ಒಂದು ಸೀನ್ ಮಾತ್ರ ಹೇಳ್ತೀನಿ. ಜೋ ಹ್ಯಾಮಿಲ್ಟನ್ ಅನ್ನೋ ಹೆಂಗಸು ರಾತ್ರಿ ಅಂಗಡೀಲಿ ಒಬ್ರೇ, ಕಿವೀಲಿ ಫೋನು, ಎದುರಿಗೆ ಸ್ಕ್ರೀನು, ಆ ಕಡೆಯವ್ರು ಇದನ್ನ ಒತ್ತಿ ಅದನ್ನ ಒತ್ತಿ ಅಂತಾರೆ, ಇವ್ರು ಒತ್ತಿದ ತಕ್ಷಣ ಕೊರತೆ ಮೊತ್ತ ಕಣ್ಣೆದುರಿಗೇ ಡಬಲ್ ಆಗುತ್ತೆ. ಸಂಜೆ ಐದು ರೂಪಾಯಿ ಟ್ಯಾಲಿ ಆಗ್ದೆ ಹೋದ್ರೆ ಮನೆಗೆ ಹೋಗೋಕೆ ಕಾಲೇಳಲ್ಲ ಅನ್ನೋದು ಕ್ಯಾಶ್ ಮುಂದೆ ಕೂತಿದ್ದ ನಿಮಗೆ ನಾನು ಹೇಳ್ಬೇಕಾಗಿಲ್ಲ. ಅವ್ರ ಮುಖ ಆವಾಗ ನೋಡ್ಬೇಕು ಸರ್. ಟೋಬಿ ಜೋನ್ಸ್ ಬೇಟ್ಸ್ ಪಾತ್ರ ಮಾಡಿದಾರೆ, ಕೂಗಾಟ ಇಲ್ಲ, ಭಾಷಣ ಇಲ್ಲ, ಫೈಲು ಜೋಡಿಸೋ ಕೈಯಲ್ಲೇ ಹಠ ಕಾಣುತ್ತೆ. 2024ರ ಜನವರಿ ಮೊದಲ ವಾರದಲ್ಲಿ ಇದು ಐಟಿವಿ ಚಾನೆಲಲ್ಲಿ ಬಂತು, ಪತ್ರಿಕೆಗಳು ಎಷ್ಟೋ ವರ್ಷ ಬರೆದ್ರೂ ಆಗ್ದಿದ್ದು ಆವಾಗ ಆಯ್ತು, ದೇಶವೇ ಎದ್ದು ಕೂತ್ಕೊಂತು, ಅದೇ ವರ್ಷ ಮೇ ತಿಂಗಳಲ್ಲಿ ಆ ಶಿಕ್ಷೆಗಳನ್ನ ರದ್ದು ಮಾಡೋಕೆ ಪಾರ್ಲಿಮೆಂಟು ಕಾನೂನನ್ನೇ ತಂತು.

ಇದು ಹಿಡಿಸಿದ್ರೆ ಆಮೇಲೆ ಡೈರೆಕ್ಟರ್ ಕೆನ್ ಲೋಚ್ ಅವರ ‘ಐ, ಡೇನಿಯಲ್ ಬ್ಲೇಕ್’ ನೋಡಿ, 2016ರ ಸಿನಿಮಾ, ಕಾನ್ ಚಿತ್ರೋತ್ಸವದ ದೊಡ್ಡ ಪ್ರಶಸ್ತಿ ಬಂದದ್ದು. ಹೃದಯಾಘಾತ ಆದ ಬಡಗಿ ಒಬ್ಬ ಸರ್ಕಾರಿ ನೆರವಿಗೆ ಅಂತ ಕಚೇರಿ ಅಲೀತಾನೆ, ಅರ್ಜಿ ಆನ್‌ಲೈನಲ್ಲೇ ಹಾಕಿ ಅಂತಾರೆ, ಅವನಿಗೆ ಮೌಸ್ ಹಿಡಿಯೋಕೇ ಬರಲ್ಲ. ಬೈಗುಳ ಇದೆ, ಮೊಮ್ಮಕ್ಕಳು ಮಲಗಿದ ಮೇಲೆ ನೋಡಿ.

ಪ್ರಶ್ನೆ: ಕೆಎಎಸ್‌ಗೆ ಓದ್ತಿದೀನಿ. ನಮ್ಮ ಕೋಚಿಂಗ್ ಮೇಷ್ಟ್ರು ಯೆಸ್ ಮಿನಿಸ್ಟರ್ ನೋಡಿ ಅಂತಾರೆ, ಅಷ್ಟು ಹಳೇದು ಈಗ ನೋಡೋದ್ರಲ್ಲಿ ಅರ್ಥ ಇದೆಯಾ?
– ಮಂಡ್ಯ

ಉತ್ತರ: ಇದೆ. 1980ರಲ್ಲಿ ಶುರುವಾಗಿದ್ದು, ಮುಂದೆ ಯೆಸ್, ಪ್ರೈಮ್ ಮಿನಿಸ್ಟರ್ ಆಗಿ 1988ರವರೆಗೆ ನಡೀತು. ಮಂತ್ರಿ ಒಂದು ಸುಧಾರಣೆ ತರೋಣ ಅಂತಾನೆ, ಕಾರ್ಯದರ್ಶಿ ಸರ್ ಹಂಫ್ರಿ ಇಲ್ಲ ಅಂತ ಒಂದ್ಸಲಾನೂ ಹೇಳ್ದೆ ಅದನ್ನ ಕಮಿಟಿಗೆ, ಉಪಕಮಿಟಿಗೆ ಕಳ್ಸಿ ಮಣ್ಣು ಮಾಡ್ತಾನೆ, ಫೈಲು ಯಾಕೆ ನಿಲ್ಲುತ್ತೆ ಅನ್ನೋದನ್ನ ಇದಕ್ಕಿಂತ ಚೆನ್ನಾಗಿ ಯಾವ ಗೈಡೂ ಹೇಳಲ್ಲ. 2001ರಲ್ಲಿ ಹಿಂದೀಲಿ ಜೀ ಮಂತ್ರೀಜಿ ಅಂತ ಬಂತು, ಫಾರೂಕ್ ಶೇಖ್ ಮಾಡಿದ್ರು. ಹಂಫ್ರಿಯ ಉದ್ದುದ್ದ ವಾಕ್ಯಗಳಿಗೆ ಸಬ್‌ಟೈಟಲ್ ಹಾಕ್ಕೊಳ್ಳಿ, ನಿಲ್ಲಿಸಿ ಓದಿ, ನಿಮ್ಮ ಇಂಗ್ಲಿಷ್ ಪೇಪರಿಗೂ ಆಗುತ್ತೆ.

ಪ್ರಶ್ನೆ: ಪತ್ತೇದಾರಿ ಅಂದ್ರೆ ನಂಗೆ ಪ್ರಾಣ. ಶೆರ್ಲಾಕ್ ಮುಗಿಸ್ದೆ. ಮುಂದೆ?
– ಕಾಲೇಜು ವಿದ್ಯಾರ್ಥಿನಿ, ಸರಸ್ವತಿಪುರಂ, ಮೈಸೂರು

ಉತ್ತರ: ಆ 13 ಎಪಿಸೋಡ್ ಮುಗಿಸಿದ್ರೆ ಈಗ ಹಿಂದಕ್ಕೆ ಹೋಗಮ್ಮ. 1984ರಿಂದ 1994ರವರೆಗೆ ಜೆರೆಮಿ ಬ್ರೆಟ್ ಹೋಮ್ಸ್ ಆಗಿ ಮಾಡಿದ 41 ಎಪಿಸೋಡ್ ಇದೆ, ಕುದುರೆ ಗಾಡಿ, ಮಂಜು, ಮೂಲ ಕತೆಗೆ ತುಂಬಾ ಹತ್ರ. ಅಪ್ಪ ಅಮ್ಮನ ಜೊತೆ ನೋಡೋದಾದ್ರೆ ಡೇವಿಡ್ ಸುಶೇ ಮಾಡಿದ, ಅಗಾಥಾ ಕ್ರಿಸ್ಟಿ ಕತೆಗಳ ಪತ್ತೇದಾರ ಪ್ವಾರೋ, 1989ರಿಂದ 2013ರವರೆಗೆ 70 ಎಪಿಸೋಡು, ಒಬ್ಬರೇ ನಟ ಅಷ್ಟು ವರ್ಷ ಒಂದೇ ಪಾತ್ರ, ಒಂದೊಂದ್ರಲ್ಲೂ ಕತೆ ಮುಗಿಯೋದ್ರಿಂದ ಎಲ್ಲಿಂದ ಬೇಕಾದ್ರೂ ಹಿಡೀಬೋದು, ಕೊನೇ ಎಪಿಸೋಡ್ ಮಾತ್ರ ಕೊನೆಗೇ ಇಟ್ಕೊ. ಬ್ರಾಡ್‌ಚರ್ಚ್ ಬೇರೆ ಥರ. ಎಂಟು ಎಪಿಸೋಡಿಗೆ ಒಂದೇ ಕೊಲೆ, ಸತ್ತ ಹುಡುಗನ ಮನೆಯವ್ರ ದುಃಖದ ಜೊತೆ ಪೂರ್ತಿ ಇರ್ಬೇಕಾಗುತ್ತೆ, ಪರೀಕ್ಷೆ ಹತ್ರ ಇದ್ದಾಗ ಬೇಡ, ಮೊದಲ ಸೀಸನ್ ಅಂತೂ ಬಿಡಬಾರದ್ದು. ಮತ್ತೆ ಹುಡುಕುವಾಗ ಹೆಸರಿನ ಜೊತೆ ವರ್ಷ ಸೇರ್ಸು, ಬ್ರಿಟಿಷರು ಒಂದೇ ಕತೇನ ಮತ್ತೆ ಮತ್ತೆ ತೆಗೀತಾರೆ, ಪ್ರೈಡ್ ಆ್ಯಂಡ್ ಪ್ರೆಜುಡಿಸ್ ಅಂತ ಹಾಕಿದ್ರೆ 1995ರ ಆರು ಎಪಿಸೋಡಿನ ಸೀರೀಸೂ ಬರುತ್ತೆ, 2005ರ ಸಿನಿಮಾನೂ ಬರುತ್ತೆ.

ಪ್ರಶ್ನೆ: ಎಲ್ರೂ ಅಡೋಲಸೆನ್ಸ್ ನೋಡಿ ಅಂತಿದಾರೆ. ನಮ್ಮ ಮಗ ಎಂಟನೇ ಕ್ಲಾಸು. ಅವನ ಜೊತೆ ಕೂತು ನೋಡ್ಬೋದಾ?
– ತಂದೆ, ವಿಜಯನಗರ, ಮೈಸೂರು

ಉತ್ತರ: ಮೊದ್ಲು ನೀವು ಗಂಡ ಹೆಂಡ್ತಿ ಇಬ್ರೇ ನೋಡಿ, ನಾಲ್ಕು ಎಪಿಸೋಡು, ನಾಲ್ಕನ್ನೂ. 2025ರಲ್ಲಿ ಬಂದದ್ದು, ಒಂದೊಂದು ಎಪಿಸೋಡನ್ನೂ ಎಲ್ಲೂ ಕಟ್ ಮಾಡ್ದೆ ಒಂದೇ ಶಾಟಲ್ಲಿ ತೆಗ್ದಿದಾರೆ. 13 ವರ್ಷದ ಹುಡುಗನ್ನ ಬೆಳಬೆಳಗ್ಗೆ ಪೊಲೀಸ್ರು ಬಾಗಿಲು ಒಡೆದು ಎತ್ಕೊಂಡು ಹೋಗ್ತಾರೆ, ಜೊತೇಲಿ ಓದ್ತಿದ್ದ ಹುಡುಗೀನ ಕೊಂದ ಅಂತ. ಕ್ಯಾಮೆರಾ ಕಣ್ಣು ಮಿಟುಕಿಸಲ್ಲ, ನಾವೂ ಈಚೆ ಬರೋಕಾಗಲ್ಲ. ಕೊನೇ ಎಪಿಸೋಡ್ ಪೂರ್ತಿ ಅಪ್ಪ ಅಮ್ಮಂದು, ಮಗ ರೂಮಲ್ಲಿ ಕಂಪ್ಯೂಟರ್ ಮುಂದೆ ಇದ್ದಾನೆ, ಹೊರಗಡೆ ಕೆಟ್ಟು ಹೋಗ್ತಿಲ್ಲ, ಸೇಫಾಗಿದ್ದಾನೆ ಅಂತ ಅನ್ಕೊಂಡಿದ್ವಿ ಅಂತ ಅವ್ರು ಮಾತಾಡ್ಕೊಳ್ಳೋದಿದೆಯಲ್ಲ, ಅದು ನಮ್ಮ ನಿಮ್ಮ ಮನೆ ಮಾತೇ. ನಾನು ಅದನ್ನ ನೋಡಿ ಎದ್ದು ಹೋಗಿ ಮಕ್ಕಳ ರೂಮಿನ ಬಾಗಿಲು ತೆಗೆದು ಸುಮ್ನೆ ನಿಂತಿದ್ದೆ. ಮಗನಿಗೆ ತೋರಿಸೋದು ಬಿಡೋದು ಅವನ ಸ್ವಭಾವ ನೋಡಿ ನೀವೇ ತೀರ್ಮಾನ ಮಾಡಿ, ತೋರಿಸೋದಾದ್ರೆ ಮಧ್ಯೆ ನಿಲ್ಸಿ ಮಾತಾಡಿ, ಅವನು ಏನಾದ್ರೂ ಹೇಳೋಕೆ ಶುರು ಮಾಡಿದ್ರೆ ಸೀರೀಸ್ ಅಲ್ಲಿಗೇ ಬಿಟ್ಟು ಅವನ ಮಾತು ಕೇಳಿ. ಎಮ್ಮಿ ಅನ್ನೋ ಟೀವಿ ಪ್ರಶಸ್ತಿ ಬಂದಾಗ ಸೀರೀಸಿನ ಆ ಹುಡುಗನ ಪಾತ್ರ ಮಾಡಿದ ಓವನ್ ಕೂಪರ್‌ಗೆ 15 ವರ್ಷ.

ಪ್ರಶ್ನೆ: ಎಷ್ಟು ಓಟಿಟಿ ತಗೋಬೇಕು ಮೇಡಂ? ಬಿಬಿಸಿದು ಐಪ್ಲೇಯರ್ ಇಲ್ಲಿ ಓಪನ್ನೇ ಆಗಲ್ವಲ್ಲ?
– ಮದ್ದೂರು

ಉತ್ತರ: ಐಪ್ಲೇಯರ್ ಬ್ರಿಟನ್ನಿನೊಳಗೆ ಮಾತ್ರ, ಅಲ್ಲಿನ ಜನ ಟೀವಿ ಲೈಸೆನ್ಸ್ ಫೀಸ್ ಕಟ್ಟಿ ನೋಡೋದು ಅದು. ಇಲ್ಲಿ ನಮಗೆ ಒಂದೊಂದು ಸೀರೀಸ್ ಒಂದೊಂದು ಕಡೆ ಇರುತ್ತೆ, ಮುಂದಿನ ತಿಂಗಳು ಅಲ್ಲಿಂದ ಎದ್ದು ಇನ್ನೊಂದು ಕಡೆ ಹೋಗಿರುತ್ತೆ. ಅದಕ್ಕೆ ಓಟಿಟಿ ಮೊದ್ಲು ತಗೊಂಡು ಆಮೇಲೆ ಹುಡುಕ್ಬೇಡಿ, ಏನು ನೋಡ್ಬೇಕು ಅಂತ ಮೊದ್ಲು ಗೊತ್ತು ಮಾಡ್ಕೊಂಡು, ಜಸ್ಟ್‌ವಾಚ್ ಅನ್ನೋ ಸೈಟಲ್ಲಿ ದೇಶ ಇಂಡಿಯಾ ಅಂತ ಇಟ್ಟು ಹೆಸರು ಹಾಕಿ, ಎಲ್ಲಿದೆ ಅಂತ ತೋರ್ಸುತ್ತೆ, ಒಂದು ತಿಂಗಳಿಗೆ ಮಾತ್ರ ದುಡ್ಡು ಕಟ್ಟಿ ಮುಗಿಸಿ. ಆರು ಎಪಿಸೋಡಿನ ಸೀರೀಸಿಗೆ ವರ್ಷದ ಪ್ಯಾಕ್ ಯಾಕೆ?

ಪ್ರಶ್ನೆ: ಬ್ರಿಟಿಷ್ ಸಿನಿಮಾ ಅಂದ್ರೆ ನಮ್ಗೂ ಅದಕ್ಕೂ ಏನು ಸಂಬಂಧ ಅಂತ ನಮ್ಮ ತಾತ ಕೇಳ್ತಾರೆ. ಅವರನ್ನ ಕೂರಿಸೋ ಅಂಥ ಒಂದು ಹೆಸರು ಹೇಳಿ.
– ಹೆಗ್ಗಡದೇವನಕೋಟೆ

ಉತ್ತರ: ಈ ಪ್ರಶ್ನೆ ಎಚ್.ಡಿ. ಕೋಟೆಯಿಂದಾನೇ ಬಂದಿದೆ ಅಂತ ನೋಡಿ ನಂಗೆ ಎಷ್ಟು ಖುಷಿ ಆಯ್ತು ಅಂದ್ರೆ, ಉತ್ತರಾನೂ ನಿಮ್ಮ ತಾಲ್ಲೂಕಲ್ಲೇ ಇದೆ. ಎಲಿಫೆಂಟ್ ಬಾಯ್, 1937, ಲಂಡನ್ನಿನ ಅಲೆಕ್ಸಾಂಡರ್ ಕೋರ್ಡಾ ಕಂಪನಿ ಸಿನಿಮಾ, ಕಿಪ್ಲಿಂಗ್ ಕತೆ. ಡೈರೆಕ್ಟರ್ ರಾಬರ್ಟ್ ಫ್ಲಾಹರ್ಟಿ ಮೈಸೂರಿಗೆ ಬಂದು ತಿಂಗಳುಗಟ್ಲೆ ಇದ್ದು ನಮ್ಮ ಕಾಡಲ್ಲಿ, ನಮ್ಮ ಆನೆಗಳ ಜೊತೆ ಶೂಟಿಂಗ್ ಮಾಡಿದ್ರು. ಹೀರೋ ಆಗೋಕೆ ಹುಡುಗ ಬೇಕಿತ್ತು, ಸಿಕ್ಕಿದ್ದು ಮಹಾರಾಜರ ಆನೆ ಲಾಯದಲ್ಲಿ. ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಮಾವುತನ ಮಗ, ಸಾಬು. ಆ ಸಿನಿಮಾದಿಂದ ಇಂಗ್ಲೆಂಡಿಗೆ ಹೋದೋನು 1940ರ ಥೀಫ್ ಆಫ್ ಬಾಗ್ದಾದ್, 1942ರ ಜಂಗಲ್ ಬುಕ್ ಮಾಡಿ ಜಗತ್ತಿಗೇ ಗೊತ್ತಾದ, ಹಾಲಿವುಡ್ಡಿನ ಫುಟ್‌ಪಾತಿನ ಮೇಲೆ ಅವನ ಹೆಸರಿನ ನಕ್ಷತ್ರ ಇದೆ, 39ನೇ ವಯಸ್ಸಿಗೇ ತೀರ್ಕೊಂಡ.

ಕಪ್ಪು ಬಿಳುಪು, ಒಂದೂ ಕಾಲು ಗಂಟೆ ಚಿಲ್ಲರೆ. ಭಾರತದ ಬಗ್ಗೆ ಆ ಕಾಲದ ಬಿಳಿಯರ ನೋಟ ಅದರಲ್ಲಿ ಇದ್ದೇ ಇದೆ, ಸಾಹೇಬ್ರು ಹುಕುಂ ಕೊಡೋದು, ನಮ್ಮೋರು ಕೈ ಕಟ್ಕೊಂಡು ನಿಲ್ಲೋದು, ಅದನ್ನ ನೋಡಿ ತಾತನಿಗೆ ಬೇಜಾರಾದ್ರೆ ಆಗ್ಲಿ, ಆಗ್ಬೇಕಾದ್ದೇ. ಆದ್ರೆ ಆ ಹುಡುಗ ಆನೆ ಜೊತೆ ಇರೋ ರೀತಿ ನೋಡೋಕೆ ಹೇಳಿ, ಅದು ನಟನೆಯೇ ಅಲ್ಲ, ಹುಟ್ಟಿದಾಗಿಂದ ಆನೆ ಪಕ್ಕದಲ್ಲೇ ಬೆಳೆದೋನು.

ಇನ್ನೊಂದು, ಡೇವಿಡ್ ಲೀನ್ ಅವರ ಕೊನೇ ಸಿನಿಮಾ ಎ ಪ್ಯಾಸೇಜ್ ಟು ಇಂಡಿಯಾ, 1984. ಕತೇಲಿ ಬರೋ ಮರಬಾರ್ ಗುಹೆಗಳು ಬಿಹಾರ ಕಡೆಯವು, ಶೂಟಿಂಗ್ ಮಾಡಿದ್ದು ಸಾವನದುರ್ಗದಲ್ಲಿ, ರಾಮನಗರದ ರಾಮದೇವರ ಬೆಟ್ಟದಲ್ಲಿ. ಬೆಂಗಳೂರಿಗೆ ಹೋಗುವಾಗ ಬಸ್ಸಿನ ಕಿಟಕೀಲಿ ಕಾಣೋ ಅದೇ ಬಂಡೆ. ಎರಡೂ ಮುಕ್ಕಾಲು ಗಂಟೆ ಸಿನಿಮಾ, ಭಾನುವಾರ ಮಧ್ಯಾಹ್ನ ಮಧ್ಯೆ ಕಾಫಿಗೆ ಎದ್ದು ಎರಡು ಭಾಗ ಮಾಡಿ ನೋಡಿ. ಆದ್ರೆ ತಾತನ ಜೊತೆ ಮೊದ್ಲು ಸಾಬೂದೇ ಹಾಕಿ, ಹಾಕಿ ಅವರ ಪಕ್ಕದಲ್ಲೇ ಕೂತ್ಕೊಳ್ಳಿ, ಕಾರಾಪುರ, ಕಾಕನಕೋಟೆ, ಖೆಡ್ಡಾ ಅಂತ ಅವರು ಹೇಳೋಕೆ ಶುರು ಮಾಡಿದ್ರೆ ಟೀವಿ ನಿಲ್ಸಿ ಫೋನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ, ಬರೆದು ನಮಗೂ ಕಳ್ಸಿ.